ಕ್ಯಾಂಪರ್ ಎಳೆಯಲು ಡೀಸೆಲ್ ಟ್ರಕ್ಕೋ, ಗ್ಯಾಸ್ ಟ್ರಕ್ಕೋ? ಮೊದಲು ಬಾಗಿಲು ತೆಗೆದು ಸ್ಟಿಕರ್ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾವು ಕೊಲರಾಡೊದಲ್ಲಿ, ಡೆನ್ವರ್ ಪಕ್ಕದ ಅರೋರಾದಲ್ಲಿದ್ದೇವೆ. ನಾನು, ಹೆಂಡತಿ, 12 ಮತ್ತು 8 ವರ್ಷದ ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರೆ. 28 ಅಡಿ ಉದ್ದದ ಒಂದು ಟ್ರಾವೆಲ್ ಟ್ರೇಲರ್ ನೋಡಿಟ್ಟಿದ್ದೇವೆ. ಖಾಲಿ ತೂಕ 5,800 ಪೌಂಡು, ತುಂಬಿದ ಮೇಲೆ ಹೆಚ್ಚೆಂದರೆ 7,600 ಪೌಂಡು ಎಂದು ಅದರ ಮೇಲೆ ಬರೆದಿದೆ. ವರ್ಷಕ್ಕೆ ಐದಾರು ಟ್ರಿಪ್ ಹೋಗುವ ಆಸೆ. ಎಸ್ಟೆಸ್ ಪಾರ್ಕ್, ಯೂಟಾದ ಮೋಆಬ್, ವರ್ಷಕ್ಕೊಮ್ಮೆ ಯೆಲ್ಲೋಸ್ಟೋನ್. ಉಳಿದ ದಿನ ಅದೇ ಟ್ರಕ್ಕಿನಲ್ಲಿ ಆರು ಮೈಲಿ ದೂರದ ಆಫೀಸಿಗೆ ಹೋಗಿ ಬರಬೇಕು. ಗೆಳೆಯರೆಲ್ಲ "ಟ್ರೇಲರ್ ಅಂದ್ಮೇಲೆ ಡೀಸೆಲ್ಲೇ ತಗೋ, ಮೈಲೇಜೂ ಸಿಗುತ್ತೆ" ಅನ್ನುತ್ತಾರೆ. ಡೀಲರ್ ಮಾತ್ರ "ಈ ಅರ್ಧ ಟನ್ ಗ್ಯಾಸ್ ಟ್ರಕ್ಕೇ 11,000 ಪೌಂಡು ಎಳೆಯುತ್ತೆ, ಇನ್ನೇನು ಬೇಕು?" ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ನಿಮ್ಮ ಮನೆಗೆ, ನಿಮ್ಮ ದಾರಿಗೆ ಮುಕ್ಕಾಲು ಟನ್ನಿನ ಗ್ಯಾಸ್ ಟ್ರಕ್ ಸರಿಹೋಗುತ್ತದೆ. ಅವಸರ ಇದ್ದರೆ ಇಲ್ಲಿಗೇ ಓದು ನಿಲ್ಲಿಸಿ. ಆದರೆ ಅರವತ್ತು ಎಪ್ಪತ್ತು ಸಾವಿರ ಡಾಲರಿನ ವ್ಯವಹಾರ, ಅಲ್ವಾ? ಯಾಕೆ ಅನ್ನುವುದನ್ನೂ ತಿಳಿದುಕೊಳ್ಳಿ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಅಮೆರಿಕದಲ್ಲಿ ಗ್ಯಾಸ್ ಅಂದರೆ ಪೆಟ್ರೋಲು. ಟ್ರಕ್ ಅಂದರೆ ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್. ಕ್ಯಾಂಪರ್, ಟ್ರಾವೆಲ್ ಟ್ರೇಲರ್ ಅಂದರೆ ಅದರ ಹಿಂದೆ ಕಟ್ಟಿಕೊಂಡು ಎಳೆಯುವ ಚಕ್ರದ ಮನೆ. ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಅನ್ನುವುದು ಹಳೇ ಕಾಲದಿಂದ ಉಳಿದುಕೊಂಡ ಹೆಸರುಗಳು, ಈಗಿನ ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಫೋರ್ಡ್ ಎಫ್-150, ಸಿಲ್ವರಾಡೊ 1500, ರ‍್ಯಾಮ್ 1500 ಇವು ಅರ್ಧ ಟನ್. 250, 2500 ಅಂತ ಇದ್ದರೆ ಮುಕ್ಕಾಲು. 350, 3500 ಆದರೆ ಒಂದು ಟನ್.

ಹದಿನಾರು ವರ್ಷದಿಂದ ಇದೇ ಕೊಲರಾಡೊದ ಬೆಟ್ಟಗಳಲ್ಲಿ ಟ್ರೇಲರ್ ಎಳೆಯುತ್ತಿದ್ದೇನೆ. ಎಂಜಿನ್ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು. ಎರಡು ಗ್ಯಾಸ್ ಟ್ರಕ್ಕು, ನಡುವೆ ಒಂದು ಡೀಸೆಲ್ ಇಟ್ಟುಕೊಂಡಿದ್ದೆ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳಿದ ಕನ್ನಡದವರಲ್ಲಿ ಹೆಚ್ಚಿನವರು ಶುರು ಮಾಡುವುದು ಎಂಜಿನ್ನಿನಿಂದ. ಶುರು ಮಾಡಬೇಕಾದದ್ದು ಬಾಗಿಲಿನಿಂದ.

ಇಂಥ ಹೆಚ್ಚಿನ ಟ್ರಕ್ಕುಗಳಲ್ಲಿ ಡ್ರೈವರ್ ಬಾಗಿಲು ತೆಗೆದರೆ ಬಾಗಿಲು ಕೂರುವ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಒಂದು ಚೀಟಿ ಅಂಟಿಸಿರುತ್ತಾರೆ. ಟೈರಿನ ಗಾಳಿ ಎಷ್ಟಿರಬೇಕು ಅಂತ ಬರೆದಿರುವ ಚೀಟಿ ಅದು. ಅದರಲ್ಲೇ ಒಂದು ಸಾಲು, ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಪೌಂಡು ಮೀರಬಾರದು ಅಂತ. ಇದೇ ಪೇಲೋಡ್. ನೀವು ಕೊಳ್ಳುವ ಆ ಒಂದು ಟ್ರಕ್ಕಿಗೆ ಮಾತ್ರ ಸೇರಿದ ಸಂಖ್ಯೆ ಅದು. ಪಕ್ಕದಲ್ಲೇ ನಿಂತ ಅದೇ ಮಾಡೆಲಿನ ಇನ್ನೊಂದು ಟ್ರಕ್ಕಿಗೆ ಬೇರೆ ಇರಬಹುದು, ಯಾಕೆಂದರೆ ಸನ್‌ರೂಫ್, ದೊಡ್ಡ ಚಕ್ರ, ಲೆದರ್ ಸೀಟು ಎಲ್ಲವೂ ತೂಕ ತಿನ್ನುತ್ತವೆ. ಮೇಲ್ದರ್ಜೆಯ ಅರ್ಧ ಟನ್ ಟ್ರಕ್ಕುಗಳಲ್ಲಿ ಅದು 1,400ರಿಂದ 1,800 ಪೌಂಡಿನ ನಡುವೆ ಇರುವುದೇ ಹೆಚ್ಚು.

ಈಗ ನಿಮ್ಮ ಲೆಕ್ಕ ಮಾಡೋಣ. ಟ್ರಾವೆಲ್ ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಟ್ರಕ್ಕಿನ ಹಿಂದಿನ ಕೊಕ್ಕೆಯ ಮೇಲೆ ಕೂರುತ್ತದೆ. ಹತ್ತಕ್ಕಿಂತ ಕಡಿಮೆಯಾದರೆ ಟ್ರೇಲರ್ ಹಾವಿನ ಹಾಗೆ ಓಲಾಡುತ್ತದೆ. ನಿಮ್ಮ 7,600 ಪೌಂಡಿಗೆ ಹದಿಮೂರು ಭಾಗ ಹಿಡಿದರೆ ಸುಮಾರು 990. ಖಾಲಿ ತೂಕ 5,800 ಅಂತ ಸಮಾಧಾನ ಪಡಬೇಡಿ. ನೀರು, ಪ್ರೊಪೇನ್ ಸಿಲಿಂಡರ್, ಬ್ಯಾಟರಿ, ಪಾತ್ರೆ, ಹಾಸಿಗೆ, ಅಮ್ಮ ತಂದ ಚಟ್ನಿಪುಡಿ ಡಬ್ಬಗಳು ಸೇರಿದರೆ ಮೊದಲ ಟ್ರಿಪ್ಪಿಗೇ 7,000 ದಾಟುತ್ತದೆ. ತೂಕ ಹಂಚುವ ಹಿಚ್ (ಕೊಕ್ಕೆ) ಹಾಕಲೇಬೇಕು, ಅದೊಂದು 90 ಪೌಂಡು. ಆರು ಜನ ಸೇರಿ ಒಂದು 740. ಹಿಂದಿನ ತೊಟ್ಟಿಯಲ್ಲಿ ಸೈಕಲ್, ಐಸ್ ಪೆಟ್ಟಿಗೆ, ಸೌದೆ, ಟೂಲ್ಸ್ ಅಂತ 200. ಕೂಡಿದರೆ 2,020 ಪೌಂಡು. ಅಪ್ಪ ಅಮ್ಮ ಇಲ್ಲದಿದ್ದರೂ 1,700 ದಾಟುತ್ತದೆ.

ಡೀಲರ್ ಹೇಳಿದ 11,000 ಪೌಂಡು ಸುಳ್ಳಲ್ಲ. ಅದಕ್ಕೊಂದು ಪರೀಕ್ಷೆ ಇದೆ, ಎಸ್‌ಎಇ ಜೆ2807 ಅಂತ. ಅರಿಜೋನದ ಡೇವಿಸ್ ಡ್ಯಾಮ್ ಏರನ್ನು ಸೆಖೆಯಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದಂತೆ ಹತ್ತಬೇಕು. ಕಷ್ಟದ ಪರೀಕ್ಷೆಯೇ. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕೂರುವವರು ಇಬ್ಬರೇ, ತಲಾ 150 ಪೌಂಡಿನವರು. ಹಿಂದಿನ ಸೀಟು ಖಾಲಿ, ತೊಟ್ಟಿಯೂ ಖಾಲಿ. ಎಳೆಯುವ ಶಕ್ತಿ ಮುಗಿಯುವುದಕ್ಕಿಂತ ಎಷ್ಟೋ ಮೊದಲೇ ಹೊರುವ ಶಕ್ತಿ ಮುಗಿದಿರುತ್ತದೆ. ಬ್ರೋಷರ್ ಹೇಳುವುದು ಎಳೆಯುವ ಸಂಖ್ಯೆ. ಚೀಟಿ ಹೇಳುವುದು ಹೊರುವ ಸಂಖ್ಯೆ. ನಿಮ್ಮ ಕುಟುಂಬಕ್ಕೆ ಅರ್ಧ ಟನ್ ಇಲ್ಲಿಗೇ ಬಿದ್ದುಹೋಯಿತು.

ಈಗ ಗೆಳೆಯರ ಸರದಿ. ಹಾಗಾದರೆ ಮುಕ್ಕಾಲು ಟನ್ ಡೀಸೆಲ್ಲೇ ಸರಿ ಅನ್ನುತ್ತಾರೆ. ಇಲ್ಲೊಂದು ತಮಾಷೆ ಇದೆ. ಡೀಸೆಲ್ ಎಂಜಿನ್ನು, ಅದರ ಟರ್ಬೊ, ಕೂಲರ್‌ಗಳು, ಹೊಗೆ ಶುದ್ಧಿ ಮಾಡುವ ಡಬ್ಬಗಳು ಎಲ್ಲ ಸೇರಿ ಗ್ಯಾಸ್ ಟ್ರಕ್ಕಿಗಿಂತ ಹಲವು ನೂರು ಪೌಂಡು ಜಾಸ್ತಿ ತೂಗುತ್ತವೆ. ಮುಕ್ಕಾಲು ಟನ್ನಿನ ಎಷ್ಟೋ ಟ್ರಕ್ಕುಗಳಿಗೆ ಟ್ರಕ್ಕು, ಜನ, ಸಾಮಾನು ಎಲ್ಲ ಸೇರಿ 10,000 ಪೌಂಡು ಅಂತ ಮಿತಿ ಇರುತ್ತದೆ. ಟ್ರಕ್ಕೇ ಜಾಸ್ತಿ ತೂಗಿದರೆ ಉಳಿಯುವುದು ಕಡಿಮೆ. ಹಾಗಾಗಿ ಅದೇ ಟ್ರಕ್ ಗ್ಯಾಸ್ ಎಂಜಿನ್ನಿನಲ್ಲಿ 3,000 ಪೌಂಡಿನ ಹತ್ತಿರ ಹೊತ್ತರೆ, ಡೀಸೆಲ್ಲಿನಲ್ಲಿ 2,000, 2,200ಕ್ಕೆ ನಿಲ್ಲುತ್ತದೆ. ದೊಡ್ಡ ಎಂಜಿನ್ನಿಗೆ ಜಾಸ್ತಿ ದುಡ್ಡು ಕೊಟ್ಟು ಕಡಿಮೆ ಹೊರುವ ಟ್ರಕ್ ತಂದವರನ್ನು ನಾನು ಕಂಡಿದ್ದೇನೆ. ಚೀಟಿ ತೋರಿಸಿದಾಗ ಮುಖ ಸಣ್ಣದಾಗುತ್ತದೆ.

ಹೊರುವ ಮಾತು ಆಯಿತು. ಇನ್ನು ಹತ್ತುವ ಮಾತು. ಡೀಸೆಲ್ಲಿಗೆ ನಿಜವಾದ ಬಲ ಇರುವುದು ಇಲ್ಲಿ.

ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ. ಅಲ್ಲಿಂದ ಐ-70 ಹಿಡಿದು ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗ 11,000 ಅಡಿಯ ಮೇಲಿದೆ. ಮೋಆಬಿನಿಂದ ಮರಳುವಾಗ ಸಿಲ್ವರ್‌ಥಾರ್ನ್ ಊರಿನಿಂದ ಆ ಸುರಂಗದ ಬಾಯಿ ತನಕ ಸುಮಾರು ಎಂಟು ಮೈಲಿ ಬಿಡದೆ ಏರು, ಕಡಿದಾದ ಕಡೆ ನೂರಕ್ಕೆ ಏಳು. ಟ್ರಕ್ ಪರೀಕ್ಷೆ ಮಾಡುವವರು ಬೇಕೆಂದೇ ಈ ಏರಿಗೆ ಬರುತ್ತಾರೆ.

ಟರ್ಬೊ ಇಲ್ಲದ ಎಂಜಿನ್ನು ಪ್ರತಿ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ತೆಳುವಾದರೆ ಉರಿಯಲು ಆಮ್ಲಜನಕ ಕಡಿಮೆ, ಅಷ್ಟೇ. ಫೋರ್ಡಿನ 7.3 ಲೀಟರ್ ಗ್ಯಾಸ್ ವಿ8 ಸಮುದ್ರಮಟ್ಟದಲ್ಲಿ 430 ಅಶ್ವಶಕ್ತಿ ಕೊಡುತ್ತದೆ. ಸುರಂಗದ ಬಾಯಿಗೆ ಬರುವಷ್ಟರಲ್ಲಿ ಅದು 300ರ ಆಸುಪಾಸಿಗೆ ಇಳಿದಿರುತ್ತದೆ. ಅದೇ ಟ್ರಕ್ಕಿನ 6.7 ಲೀಟರ್ ಡೀಸೆಲ್ಲಿಗೆ 475 ಅಶ್ವಶಕ್ತಿ, 1,050 ಪೌಂಡ್-ಅಡಿ ಟಾರ್ಕು. ಟರ್ಬೊ ಗಾಳಿಯನ್ನು ಒತ್ತಿ ಒತ್ತಿ ತುಂಬುವುದರಿಂದ ಎತ್ತರಕ್ಕೆ ಅದು ಅಷ್ಟಾಗಿ ಸೊರಗುವುದಿಲ್ಲ. ಅಂಕಿ ನೋಡಿದರೆ ಜೋಡಿಯೇ ಅಲ್ಲ ಅನ್ನಿಸುತ್ತದೆ.

ಆದರೆ ನಿಮಗೆ ಎಷ್ಟು ಬೇಕು ಅನ್ನುವುದು ಬೇರೆ ಪ್ರಶ್ನೆ. ನಿಮ್ಮ ಟ್ರಕ್ಕು, ಟ್ರೇಲರು, ಜನ ಸೇರಿ 15,500 ಪೌಂಡು ಅಂದುಕೊಳ್ಳಿ. ಆ ಏರಿನಲ್ಲಿ ಅಷ್ಟು ತೂಕವನ್ನು ಗಂಟೆಗೆ 45 ಮೈಲಿಯಲ್ಲಿ ಹತ್ತಿಸಲು ಸುಮಾರು 200 ಅಶ್ವಶಕ್ತಿ ಸಾಕು. ಸೊರಗಿದ ಗ್ಯಾಸ್ ಎಂಜಿನ್ನಿನಲ್ಲೂ ಅದಕ್ಕಿಂತ ಜಾಸ್ತಿ ಉಳಿದಿದೆ. ಡೀಸೆಲ್ಲಿನವನು 60ರಲ್ಲಿ ಹೋಗುತ್ತಾನೆ ಅನ್ನೋಣ. ಎಂಟು ಮೈಲಿಗೆ ಅವನಿಗೆ ಎಂಟು ನಿಮಿಷ, ನಿಮಗೆ ಹನ್ನೊಂದು ನಿಮಿಷಕ್ಕೂ ಕಡಿಮೆ. ಎಂಜಿನ್ ಆಯ್ಕೆಯಲ್ಲಿ ಡೀಸೆಲ್ಲಿಗೆ ಸುಮಾರು 10,000 ಡಾಲರ್ ಹೆಚ್ಚಿಗೆ ಕೊಡಬೇಕು. ವರ್ಷಕ್ಕೆ ನಾಲ್ಕು ಸಲ ಮೂರು ಮೂರು ನಿಮಿಷ ಉಳಿಸಲು ಅಷ್ಟು ದುಡ್ಡು ಕೊಡುತ್ತೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಪ್ರಾಮಾಣಿಕವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ಹನ್ನೊಂದು ನಿಮಿಷ ಗ್ಯಾಸ್ ಎಂಜಿನ್ನು 4,500 ಆರ್‌ಪಿಎಮ್‌ನಲ್ಲಿ ಕೂಗುತ್ತಿರುತ್ತದೆ. ಮಾತಾಡಬೇಕೆಂದರೆ ದನಿ ಎತ್ತಬೇಕು. ಮೊದಲ ಸಲ ನನ್ನ ಹೆಂಡತಿ "ಏನೋ ಒಡೆದುಹೋಗುತ್ತೆ, ಸೈಡಿಗೆ ಹಾಕಿ" ಅಂದಿದ್ದಳು. ಏನೂ ಒಡೆಯುವುದಿಲ್ಲ. ಅದನ್ನು ಹಾಗೆ ತಿರುಗಲೆಂದೇ ಮಾಡಿರುವುದು. ಬಲಗಡೆ ಲೇನ್ ಹಿಡಿದು ಲಾರಿಗಳ ಹಿಂದೆ ಹೋಗಿ, ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ, ಸಾಕು. ಡೀಸೆಲ್ಲಿನವನು ಅದೇ ಏರನ್ನು ಅದರರ್ಧ ಆರ್‌ಪಿಎಮ್‌ನಲ್ಲಿ, ರೇಡಿಯೊ ಕೇಳುತ್ತಾ ಹತ್ತುತ್ತಾನೆ. ಟಾರ್ಕ್ ಅಂದರೆ ಅನುಭವದಲ್ಲಿ ಇದೇ. ಏರಿನಲ್ಲಿ ಎಷ್ಟು ವೇಗವಾಗಿ ಹೋಗುತ್ತೀರಿ ಅನ್ನುವುದನ್ನು ಅಶ್ವಶಕ್ತಿ ತೀರ್ಮಾನಿಸುತ್ತದೆ, ಎಷ್ಟು ಸಮಾಧಾನವಾಗಿ ಹೋಗುತ್ತೀರಿ ಅನ್ನುವುದನ್ನು ಟಾರ್ಕು. ಸಮಾಧಾನಕ್ಕೂ ಬೆಲೆ ಇದೆ. ದಿನಾ ಬೆಟ್ಟ ಹತ್ತುವವನಿಗೆ ತುಂಬಾ ಇದೆ.

ಟರ್ಬೊ ಇರುವ ಗ್ಯಾಸ್ ಎಂಜಿನ್ನು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಚೆನ್ನಾಗಿಯೂ ಇದೆ. ಎಫ್-150ರ 3.5 ಲೀಟರ್ ಇಕೋಬೂಸ್ಟ್ 400 ಅಶ್ವಶಕ್ತಿ, 500 ಪೌಂಡ್-ಅಡಿ ಕೊಡುತ್ತದೆ, ಎತ್ತರದಲ್ಲೂ ಬಳಲುವುದಿಲ್ಲ. ನಿಮ್ಮ ಟ್ರೇಲರ್ 5,000 ಪೌಂಡಿನದಾಗಿದ್ದು, ಮನೆಯಲ್ಲಿ ನಾಲ್ಕೇ ಜನ ಇದ್ದಿದ್ದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ನಿಮಗೆ ಅಡ್ಡ ಬರುವುದು ಮತ್ತೆ ಅದೇ ಚೀಟಿ. ಸಿಲ್ವರಾಡೊ 1500ರಲ್ಲಿ 3 ಲೀಟರಿನ ಸಣ್ಣ ಡೀಸೆಲ್ಲೂ ಸಿಗುತ್ತದೆ. ಮೈಲೇಜಿಗೆ ಅದರ ಸಮ ಇಲ್ಲ. ಅದಕ್ಕೂ ಇದೇ ತೊಡಕು.

ಕೊಲರಾಡೊದವರಿಗೆಂದೇ ಒಂದು ಎಚ್ಚರಿಕೆ. ಇಲ್ಲಿ ಬಂಕಿನಲ್ಲಿ ರೆಗ್ಯುಲರ್ ಅಂತ ಮಾರುವುದು 85 ಆಕ್ಟೇನ್. ಆಕ್ಟೇನ್ ಅಂದರೆ ಪೆಟ್ರೋಲು ಎಂಜಿನ್ನಿನೊಳಗೆ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದೆ ತಡೆಯುವ ಗುಣದ ಅಳತೆ. ಬೇರೆ ರಾಜ್ಯಗಳಲ್ಲಿ ರೆಗ್ಯುಲರ್ ಅಂದರೆ 87. ಹಳೇ ಕಾರ್ಬುರೇಟರ್ ಎಂಜಿನ್ನುಗಳಿಗೆ ಎತ್ತರದಲ್ಲಿ 85 ನಡೆಯುತ್ತಿತ್ತು, ಆ ಅಭ್ಯಾಸ ಹಾಗೇ ಉಳಿದಿದೆ. ಈಗಿನ ಟ್ರಕ್ಕಿನ ಮ್ಯಾನ್ಯುವಲ್ ತೆಗೆದು ನೋಡಿ, ಕನಿಷ್ಠ 87 ಅಂತಿರುತ್ತದೆ. ಟರ್ಬೊ ಗ್ಯಾಸ್ ಎಂಜಿನ್ನಿನಲ್ಲಿ ಟ್ರೇಲರ್ ಎಳೆಯುವಾಗ ಪ್ರೀಮಿಯಂ ಹಾಕಿದರೆ ಇನ್ನೂ ಒಳ್ಳೆಯದು. ಇಪ್ಪತ್ತು ಸೆಂಟ್ ಉಳಿಸಲು ಹೋಗಿ ಏರಿನಲ್ಲಿ ಎಂಜಿನ್ ಕಟಕಟ ಅನ್ನಿಸಿಕೊಳ್ಳಬೇಡಿ.

ಹತ್ತುವುದಕ್ಕಿಂತ ಇಳಿಯುವುದು ನನಗೆ ದೊಡ್ಡ ವಿಷಯ. ಹತ್ತಲಾಗದಿದ್ದರೆ ನಿಧಾನ ಆಗುತ್ತೀರಿ, ಇಳಿಯಲು ಬಾರದಿದ್ದರೆ ಆಸ್ಪತ್ರೆ. ಡೀಸೆಲ್ ಎಂಜಿನ್ನು ಗಾಳಿಯನ್ನು ತಡೆಯದೆ ಒಳಗೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಕಾಲು ತೆಗೆದರೂ ತಾನಾಗಿ ಹೆಚ್ಚು ಹಿಡಿಯುವುದಿಲ್ಲ. ಅದಕ್ಕೇ ಎಕ್ಸಾಸ್ಟ್ ಬ್ರೇಕ್ ಇಟ್ಟಿರುತ್ತಾರೆ. ಗುಂಡಿ ಒತ್ತಿದರೆ ಟರ್ಬೊದ ರೆಕ್ಕೆಗಳು ಹೊಗೆಯ ದಾರಿಯನ್ನು ಬಿಗಿ ಮಾಡುತ್ತವೆ, ಗೊಂ ಅಂತ ಸದ್ದು ಬರುತ್ತದೆ, ಇಡೀ ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗಾಗುತ್ತದೆ. ಊರಿನ ದೊಡ್ಡ ಬಸ್ಸು, ಲಾರಿಗಳಲ್ಲೂ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಘಟ್ಟ ಇಳಿಯುವಾಗ ಅದರ ಸದ್ದು ಕೇಳಿರುತ್ತೀರಿ. ಸುರಂಗದಿಂದ ಸಿಲ್ವರ್‌ಥಾರ್ನಿಗೆ ಇಳಿಯುವಾಗ ನನ್ನ ಡೀಸೆಲ್ಲಿನಲ್ಲಿ ಬ್ರೇಕ್ ಪೆಡಲ್ ಮುಟ್ಟಿದ್ದೇ ಅಪರೂಪ.

ಗ್ಯಾಸ್ ಟ್ರಕ್ಕಿನಲ್ಲಿ ಇದೇ ಕೆಲಸವನ್ನು ಗೇರು ಮಾಡಬೇಕು. ಆಗುಂಬೆ, ಶಿರಾಡಿಯಲ್ಲಿ ಲಾರಿ ಓಡಿಸಿದ ಹಳಬರು ಹೇಳುತ್ತಿದ್ದರಲ್ಲ, ಹತ್ತಿದ ಗೇರಿನಲ್ಲೇ ಇಳೀಬೇಕು ಅಂತ. ಅದೇ ಮಾತು. ಸುರಂಗ ದಾಟುವ ಮೊದಲೇ ಟೋ-ಹಾಲ್ ಮೋಡ್ (ಭಾರ ಎಳೆಯುವಾಗ ಗೇರು ಬದಲಾಗುವ ರೀತಿಯನ್ನು ಹೊಂದಿಸುವ ಗುಂಡಿ) ಹಾಕಿ, ವೇಗವನ್ನು 45ಕ್ಕೆ ಇಳಿಸಿ, ಗೇರ್ ಕೆಳಗೆ ತನ್ನಿ. ಎಂಜಿನ್ ಮತ್ತೆ ಕೂಗುತ್ತದೆ, ಕೂಗಲಿ. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ 40ಕ್ಕೆ ತಂದು ಬಿಟ್ಟುಬಿಡಿ. ಸದಾ ಮೆಲ್ಲಗೆ ಒತ್ತಿಕೊಂಡೇ ಇದ್ದರೆ ಬ್ರೇಕ್ ಕಾಯುತ್ತದೆ. ಸಿಲ್ವರ್‌ಥಾರ್ನಿನ ಮೊದಲ ಬಂಕಿನಲ್ಲಿ ನಿಂತರೆ ಬೇಸಿಗೆಯಲ್ಲಿ ಆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಯಾವುದೋ ಟ್ರಕ್ಕಿನ ಚಕ್ರದಿಂದ ಸಣ್ಣಗೆ ಹೊಗೆ, ಪಕ್ಕದಲ್ಲಿ ಬಿಳಚಿಕೊಂಡ ಮುಖದ ಅಪ್ಪ. ಟ್ರೇಲರಿಗೆ ತನ್ನದೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತದೆ, ಅದರ ಕಂಟ್ರೋಲರ್ ಸರಿಯಾಗಿ ಹೊಂದಿಸಿಕೊಳ್ಳಿ. ಅರ್ಧ ಭಾರ ಅಲ್ಲಿ ಕಳೆಯುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ 7,600 ಪೌಂಡಿಗೆ ಗ್ಯಾಸ್ ಸೋಲುವುದಿಲ್ಲ. 14,000 ಪೌಂಡಿನ ಫಿಫ್ತ್ ವೀಲ್ (ಟ್ರಕ್ಕಿನ ತೊಟ್ಟಿಯೊಳಗೆ ಕೊಕ್ಕೆ ಹಾಕಿ ಎಳೆಯುವ ದೊಡ್ಡ ಟ್ರೇಲರ್) ಆಗಿದ್ದರೆ ನನ್ನ ಮಾತೇ ಬೇರೆ ಇರುತ್ತಿತ್ತು.

ಈಗ ದುಡ್ಡು. ಡೀಸೆಲ್ ಅಂದರೆ ಉಳಿತಾಯ ಅನ್ನುವುದು ನಾವು ಊರಿಂದ ಸೂಟ್‌ಕೇಸಿನಲ್ಲಿ ತಂದ ನಂಬಿಕೆ. 2014ರ ಅಕ್ಟೋಬರಿನ ತನಕ ಭಾರತದಲ್ಲಿ ಡೀಸೆಲ್ ಬೆಲೆಯನ್ನು ಸರ್ಕಾರವೇ ಹಿಡಿದಿಟ್ಟಿತ್ತು. ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಭಾರೀ ಅಂತರ ಇದ್ದ ಕಾಲದಲ್ಲಿ ಬೆಳೆದವರು ನಾವು. ಬಾಡಿಗೆ ಕಾರು, ಮದುವೆ ದಿಬ್ಬಣದ ಸುಮೋ ಎಲ್ಲ ಡೀಸೆಲ್. ಅಮೆರಿಕದಲ್ಲಿ ಲೆಕ್ಕ ತಿರುಗುಮುರುಗು. ಫೆಡರಲ್ ತೆರಿಗೆಯೇ ಗ್ಯಾಲನ್ನಿಗೆ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್ಲಿಗೆ 24.4 ಸೆಂಟ್. ಬಂಕಿನ ಬೋರ್ಡಿನಲ್ಲೂ ಸಾಮಾನ್ಯವಾಗಿ ಡೀಸೆಲ್ಲೇ ಮೇಲೆ.

ಲೆಕ್ಕ ಹಾಕಿ ನೋಡಿ. ನೀವು ವರ್ಷಕ್ಕೆ ಟ್ರೇಲರ್ ಕಟ್ಟಿಕೊಂಡು 5,000 ಮೈಲಿ ಹೋಗುತ್ತೀರಿ ಅಂತ ಧಾರಾಳವಾಗಿಯೇ ಹಿಡಿಯೋಣ. ಖಾಲಿ ಓಡಾಟ 7,000. ಗ್ಯಾಸ್ ಟ್ರಕ್ ಎಳೆಯುವಾಗ ಗ್ಯಾಲನ್ನಿಗೆ 9 ಮೈಲಿ, ಖಾಲಿ 15. ಡೀಸೆಲ್ 12 ಮತ್ತು 18. ಗ್ಯಾಸಿಗೆ ವರ್ಷಕ್ಕೆ 1,022 ಗ್ಯಾಲನ್, ಡೀಸೆಲ್ಲಿಗೆ 806. ಗ್ಯಾಸ್ 3.20 ಡಾಲರ್, ಡೀಸೆಲ್ 3.70 ಅಂತ ಇಟ್ಟುಕೊಂಡರೆ 3,270 ಡಾಲರ್ ಒಂದು ಕಡೆ, 2,980 ಇನ್ನೊಂದು ಕಡೆ. ಉಳಿತಾಯ 290 ಡಾಲರ್. ಹತ್ತು ಸಾವಿರ ಹಿಂದಿರುಗಲು 34 ವರ್ಷ. ನಿಮ್ಮ ಊರಿನ ಬೆಲೆ ಹಾಕಿ ನೀವೇ ಇನ್ನೊಮ್ಮೆ ಮಾಡಿ, ಹತ್ತಾರು ವರ್ಷ ಆಚೀಚೆ ಆಗಬಹುದು. ಅಂದಹಾಗೆ ಡೀಸೆಲ್ಲಿನ ಮೈಲೇಜು ಪೂರ್ತಿ ಎಂಜಿನ್ನಿನ ಜಾಣತನವಲ್ಲ. ಒಂದು ಗ್ಯಾಲನ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ 13, 14 ಭಾಗ ಶಕ್ತಿ ಮೊದಲೇ ಜಾಸ್ತಿ ತುಂಬಿರುತ್ತದೆ.

ಮಾರುವಾಗ ಡೀಸೆಲ್ಲಿಗೆ ಬೆಲೆ ಸಿಗುತ್ತೆ ಅನ್ನುತ್ತಾರೆ. ನಿಜ, ಹಾಕಿದ್ದರಲ್ಲಿ ಒಂದು ಭಾಗ ವಾಪಸ್ ಬರುತ್ತದೆ. ಆದರೆ ನಡುವಿನ ಖರ್ಚನ್ನೂ ಬರೆದಿಡಿ. 6.7 ಲೀಟರ್ ಡೀಸೆಲ್ಲಿಗೆ ಒಂದು ಸಲಕ್ಕೆ 13 ಕ್ವಾರ್ಟ್ (ಒಂದು ಕ್ವಾರ್ಟ್ ಅಂದರೆ ಲೀಟರಿಗೆ ತುಸು ಕಡಿಮೆ) ಎಂಜಿನ್ ಆಯಿಲ್ ಬೇಕು, 7.3 ಗ್ಯಾಸಿಗೆ 8. ಆಮೇಲೆ ಫ್ಯೂಯಲ್ ಫಿಲ್ಟರುಗಳು, ಡೆಫ್. ಒತ್ತಡದ ಡೀಸೆಲ್ ಪಂಪು ಒಮ್ಮೆ ಒಡೆದು ಲೋಹದ ಪುಡಿ ಇಂಜೆಕ್ಟರುಗಳಿಗೆ ನುಗ್ಗಿತೋ, ಇಡೀ ಫ್ಯೂಯಲ್ ಸಿಸ್ಟಮ್ ಬದಲಾಯಿಸಬೇಕು. ಆ ಬಿಲ್ಲಿಗೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ.

ಡೆಫ್ ಅಂದೆ. ಡೀಸೆಲ್ ಹೊಗೆಗೆ ಚಿಮುಕಿಸುವ ಯೂರಿಯಾ ನೀರು ಅದು, ನೂರಕ್ಕೆ 32.5 ಭಾಗ ಯೂರಿಯಾ. 2010ರ ಹೊಗೆ ನಿಯಮಗಳು ಬಂದಂದಿನಿಂದ ಹೆಚ್ಚುಕಡಿಮೆ ಎಲ್ಲ ಡೀಸೆಲ್ ಪಿಕಪ್‌ಗೂ ಇದು ಬೇಕೇ ಬೇಕು. ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ, ಅದಕ್ಕೆ ಟ್ಯಾಂಕಿನಲ್ಲೇ ಹೀಟರ್. ಅದರ ಜೊತೆಗೆ ಮಸಿ ಹಿಡಿಯುವ ಫಿಲ್ಟರ್ ಬೇರೆ. ಮಸಿ ತುಂಬಿದಾಗ ಅದನ್ನು ಸುಟ್ಟು ಬೂದಿ ಮಾಡಿಕೊಳ್ಳಲು ಎಂಜಿನ್ ಚೆನ್ನಾಗಿ ಕಾಯಬೇಕು, ಹೈವೇಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಬೇಕು.

ನಿಮ್ಮ ಆಫೀಸು ಆರು ಮೈಲಿ. ಜನವರಿಯ ಬೆಳಿಗ್ಗೆ ಅಷ್ಟು ದೂರಕ್ಕೆ ದೊಡ್ಡ ಡೀಸೆಲ್ ಎಂಜಿನ್ನು ಬೆಚ್ಚಗೂ ಆಗುವುದಿಲ್ಲ. ಸುಡಲು ಶುರು ಮಾಡುವಷ್ಟರಲ್ಲಿ ನೀವು ಪಾರ್ಕಿಂಗಿಗೆ ಬಂದು ಆಫ್ ಮಾಡುತ್ತೀರಿ. ಸಂಜೆ ಮತ್ತೆ ಅದೇ ಕತೆ. ಇಡೀ ಪತ್ರದಲ್ಲಿ ನನ್ನನ್ನು ಡೀಸೆಲ್ಲಿನಿಂದ ದೂರ ಓಡಿಸಿದ ಸಾಲು ಇದೇ. ವರ್ಷದಲ್ಲಿ ಇನ್ನೂರು ದಿನ ಅದನ್ನು ಹೀಗೆ ಅರೆಬಿಸಿಯಲ್ಲಿ ಓಡಿಸಿ, ಐದಾರು ವಾರಾಂತ್ಯ ದುಡಿಸಿದರೆ ಅದಕ್ಕೂ ಸುಖವಿಲ್ಲ, ನಿಮಗೂ ಇಲ್ಲ.

ನನ್ನದೇ ಒಂದು ಅನುಭವ ಹೇಳಿಬಿಡುತ್ತೇನೆ. ಯಾವ ಕಂಪನಿಯ ಟ್ರಕ್ಕು ಅನ್ನುವುದು ಬೇಡ, ಇದು ಎಲ್ಲ ಡೀಸೆಲ್ಲಿಗೂ ಬರಬಹುದಾದ ಕಾಯಿಲೆ. ಯೂಟಾದ ಗ್ರೀನ್ ರಿವರ್‌ನಲ್ಲಿ ಊಟ ಮಾಡಿ ಪಶ್ಚಿಮಕ್ಕೆ ಹೊರಟಿದ್ದೆವು. ಅಲ್ಲಿಂದ ಸಲೈನಾ ಊರಿನ ತನಕ ಐ-70ರಲ್ಲಿ ನೂರಕ್ಕೂ ಹೆಚ್ಚು ಮೈಲಿ ಒಂದು ಬಂಕೂ ಇಲ್ಲ, ಬರೀ ಕೆಂಪು ಬಂಡೆ. ಹತ್ತು ಮೈಲಿ ಹೋಗಿರಲಿಲ್ಲ, ಟಣ್ ಅಂತ ಸದ್ದು. ಡೆಫ್ ಸರಿಯಿಲ್ಲ, ಇನ್ನಿಷ್ಟು ಮೈಲಿ ಆದಮೇಲೆ ವೇಗ ಕಡಿತ ಮಾಡಲಾಗುತ್ತದೆ ಅಂತ ಮುಂದಿನ ಪರದೆಯಲ್ಲಿ ಸೂಚನೆ. ಪಕ್ಕದಲ್ಲೇ ಮೈಲಿ ಒಂದೊಂದೇ ಇಳಿಯುತ್ತಿತ್ತು. ಟ್ಯಾಂಕ್ ಹಿಂದಿನ ದಿನವಷ್ಟೇ ತುಂಬಿಸಿದ್ದೆ. ಕೆಟ್ಟದ್ದು ಸೆನ್ಸರ್. ಎಂಜಿನ್ನಿಗೆ ಏನೂ ಆಗಿರಲಿಲ್ಲ, ಜೋರಾಗಿ ಎಳೆಯುತ್ತಿತ್ತು. ಆದರೂ ಕಂಪ್ಯೂಟರ್ ಒಪ್ಪಬೇಕಲ್ಲ. ಹ್ಯಾಂಕ್ಸ್‌ವಿಲ್ ಕಡೆಗೆ ತಿರುಗುವ ಎಕ್ಸಿಟ್‌ನಲ್ಲಿ ಇಳಿದು ವಾಪಸ್ ತಿರುಗಿಸಿದೆವು. ಪಾರ್ಟ್ ಬರಲು ನಾಲ್ಕು ದಿನ. ವಾರಂಟಿ ಮುಗಿದಿತ್ತು. ಆ ನಾಲ್ಕು ದಿನ ಹೆದ್ದಾರಿ ಪಕ್ಕದ ಆರ್‌ವಿ ಪಾರ್ಕಿನಲ್ಲಿ (ಟ್ರೇಲರ್ ನಿಲ್ಲಿಸಿ ತಂಗುವ ಜಾಗ) ಚಿತ್ರಾನ್ನ, ಮೊಸರನ್ನ ತಿಂದು ಕಳೆದೆವು. ಮಕ್ಕಳಿಗೆ ಮಾತ್ರ ಅದೇ ಅತಿ ಒಳ್ಳೆ ರಜೆ, ಅಲ್ಲೊಂದು ಈಜುಕೊಳ ಇತ್ತು.

ಹಾಗಂತ ಡೀಸೆಲ್ಲನ್ನು ಪೂರ್ತಿ ತೆಗೆದುಹಾಕಿದೆ ಅಂದುಕೊಳ್ಳಬೇಡಿ. ನನಗೆ ಇವತ್ತಿಗೂ ಅದರ ಒಂದು ಸುಖ ನೆನಪಾಗುತ್ತದೆ. 28 ಅಡಿ ಟ್ರೇಲರ್ ಕಟ್ಟಿಕೊಂಡು ಬಂಕಿಗೆ ಹೋಗುವುದು ಸಣ್ಣ ಕೆಲಸವಲ್ಲ. ಗ್ಯಾಸ್ ಪಂಪುಗಳ ನಡುವೆ ಜಾಗ ಇರುವುದಿಲ್ಲ, ಮುಂದೆ ಅಂಗಡಿ, ಹಿಂದೆ ಕಾರುಗಳ ಸಾಲು. ಒಮ್ಮೆ ಪಂಪಿನ ಪಕ್ಕದ ಹಳದಿ ಕಂಬಕ್ಕೆ ಟ್ರೇಲರಿನ ಹೊಟ್ಟೆ ಉಜ್ಜಿ, ಆ ಗೀರು ಈಗಲೂ ಇದೆ. ಡೀಸೆಲ್ ಇದ್ದರೆ ಟ್ರಕ್ ಸ್ಟಾಪಿನ ಹಿಂದುಗಡೆ, ದೊಡ್ಡ ಲಾರಿಗಳ ಲೇನಿಗೆ ನೇರ ಹೋಗಿ ನೇರ ಹೊರಗೆ ಬರಬಹುದು. ಗ್ಯಾಸ್ ಟ್ರಕ್ ತೆಗೆದುಕೊಂಡರೆ ಒಂದು ಅಭ್ಯಾಸ ಮಾಡಿಕೊಳ್ಳಿ, ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ಅಗಲವಾದ ಬಂಕ್ ಹುಡುಕಲು ಶುರು ಮಾಡಿ. ವಯೋಮಿಂಗಿನಲ್ಲಿ ಎದುರುಗಾಳಿ ಸಿಕ್ಕಿದರೆ 9 ಮೈಲಿ ಅನ್ನುವುದು 7ಕ್ಕೆ ಇಳಿಯುತ್ತದೆ. ಗೋಡೆಯಂಥ ಮುಖ ಇರುವ ಟ್ರೇಲರಿಗೆ ತೂಕಕ್ಕಿಂತ ಗಾಳಿಯೇ ಶತ್ರು.

ಬಂಕಿನ ಮಾತು ಬಂತಲ್ಲ, ಯಾರ ಟ್ರಕ್ಕನ್ನಾದರೂ ಎರವಲು ಪಡೆದರೆ ಇದು ನೆನಪಿರಲಿ. ಹೆಚ್ಚಿನ ಕಡೆ ಹಸಿರು ಹಿಡಿಯ ಪಂಪು ಅಂದರೆ ಡೀಸೆಲ್. ಆದರೆ ಬಿಪಿ ಬಂಕಿನಲ್ಲಿ ಪೆಟ್ರೋಲಿನ ಹಿಡಿಯೇ ಹಸಿರು. ಬಣ್ಣ ನಂಬಬೇಡಿ, ಅಕ್ಷರ ಓದಿ.

ಹಾಗಾದರೆ ಡೀಸೆಲ್ ಯಾರಿಗೆ? ಮಕ್ಕಳು ದೊಡ್ಡವರಾದ ಮೇಲೆ ನೀವಿಬ್ಬರೇ ಆರು ತಿಂಗಳು ಊರೂರು ಸುತ್ತಲು ಹೊರಟರೆ, ಟ್ರೇಲರ್ 11,000, 12,000 ಪೌಂಡು ದಾಟಿದರೆ, ವರ್ಷಕ್ಕೆ ಹತ್ತು ಹದಿನೈದು ಸಾವಿರ ಮೈಲಿ ಎಳೆಯುವುದೇ ಇದ್ದರೆ ಡೀಸೆಲ್ ತಗೊಳ್ಳಿ, ಎರಡನೇ ಯೋಚನೆ ಬೇಡ. ಆದರೆ ಆಗ ಮುಕ್ಕಾಲು ಟನ್ ಬಿಟ್ಟು ಒಂದು ಟನ್ನಿಗೇ ಹೋಗಿ. ಬೆಲೆಯ ವ್ಯತ್ಯಾಸ ಸಣ್ಣದು, ಹೊರುವ ತೂಕದ ವ್ಯತ್ಯಾಸ ದೊಡ್ಡದು. ಫಿಫ್ತ್ ವೀಲ್ ಆದರೆ ನೂರಕ್ಕೆ ಇಪ್ಪತ್ತರಷ್ಟು ಭಾರ ಟ್ರಕ್ಕಿನ ಬೆನ್ನ ಮೇಲೇ ಕೂರುತ್ತದೆ. ಸೆಕೆಂಡ್ ಹ್ಯಾಂಡ್ ನೋಡುವಾಗ "ಡಿಲೀಟ್ ಮಾಡಿಸಿದ್ದೇವೆ, ಡೆಫ್ ತಲೆನೋವೇ ಇಲ್ಲ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹೊಗೆ ಶುದ್ಧಿ ಮಾಡುವ ಸಾಮಾನು ಕಿತ್ತುಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ. ಡೆನ್ವರ್ ಸುತ್ತಮುತ್ತ ಡೀಸೆಲ್ಲಿಗೆ ಹೊಗೆ ಪರೀಕ್ಷೆಯೂ ಇದೆ.

ಡಾಲಸ್, ಹ್ಯೂಸ್ಟನ್ ಕಡೆಯವರು ಇದನ್ನು ಓದುತ್ತಿದ್ದರೆ, ಬೆಟ್ಟದ ಪುರಾಣವನ್ನೆಲ್ಲ ಬಿಟ್ಟುಬಿಡಿ. ನಿಮಗೆ ಉಳಿಯುವುದು ಚೀಟಿಯ ಲೆಕ್ಕ ಮಾತ್ರ.

ಕೊಂಡಾದ ಮೇಲೆ ಮೊದಲ ಟ್ರಿಪ್ಪಿನ ದಿನ, ಎಲ್ಲರನ್ನೂ ಕೂರಿಸಿಕೊಂಡು, ನೀರು ಸಾಮಾನು ಎಲ್ಲ ತುಂಬಿ, ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಯಂತ್ರಕ್ಕೆ ಹೋಗಿ. ಹದಿನೈದು ಡಾಲರ್ ಆಸುಪಾಸು. ಟ್ರಕ್ಕಿನ ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೇಲರ್ ಮೂರನೆಯದರ ಮೇಲೆ. ಒಂದೊಂದರ ತೂಕ ಬೇರೆ ಬೇರೆ ಬರೆದ ಚೀಟಿ ಕೈಗೆ ಬರುತ್ತದೆ. ನನ್ನ ಅಂದಾಜುಗಳನ್ನೆಲ್ಲ ಅದರ ಪಕ್ಕ ಇಟ್ಟು ನೋಡಿ.

ಅದಕ್ಕಿಂತ ಮೊದಲು, ಡೀಲರ್ ಹತ್ತಿರ ಹೋಗುವಾಗ ಅಪ್ಪ ಅಮ್ಮ ಇಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಮುಕ್ಕಾಲು ಟನ್ ಟ್ರಕ್ಕು ಎತ್ತರ. ನಮ್ಮಮ್ಮ ಮೊದಲ ದಿನ ಸೀರೆ ನೆರಿಗೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದು, "ಇದಕ್ಕೆ ಏಣಿ ಇಲ್ವಾ?" ಅಂದಿದ್ದರು. ನಿಮ್ಮ ಅಮ್ಮ ಹಿಂದಿನ ಸೀಟಿಗೆ ಎರಡು ಸಲ ಹತ್ತಿ ಇಳಿಯಲಿ. ಕಷ್ಟ ಅನ್ನಿಸಿದರೆ ಪಕ್ಕದ ಮೆಟ್ಟಿಲು ಹಾಕಿಸಿ, ಅದರ ತೂಕವನ್ನೂ ಮರೆಯದೆ ಪೇಲೋಡಿನಿಂದ ಕಳೆಯಿರಿ.